ದುರ್ಗಕ್ಕನ ಕಿವಿ ಮತ್ತು ಐದು ಗುಂಡು

ಪೇಪರಿನಲ್ಲಿ ಬಂದದ್ದು ಮೂರೇ ಸಾಲು. "ನೀರೊಲೆ ಸಿಡಿದು ಗೃಹಿಣಿಗೆ ಗಾಯ" ಎಂಬ ತಲೆಬರಹ, ಕೆಳಗೆ ದರೋಜಿ ಗ್ರಾಮದ ದುರ್ಗಮ್ಮ ಎಂಬ ಹೆಸರು, ಅಷ್ಟೇ. ದುರ್ಗಕ್ಕನಿಗೆ ದರೋಜಿ ತವರು ಮಾತ್ರ. ಬದುಕು ಕಳೆದದ್ದು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಗೃಹಿಣಿಯಂತೂ ಅಲ್ಲವೇ ಅಲ್ಲ. ತೋರಣಗಲ್ಲಿನ ಹತ್ತಿರದ ಒಂದು ಗುಜರಿ ಯಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಬಿಸಿಲಿಗೆ ನಿಂತವಳು. ಇನ್ನು ಒಲೆಯ ವಿಷಯ: ಮಣ್ಣು, ಕಲ್ಲಿನ ನೀರೊಲೆ ತಾನಾಗಿ ಸಿಡಿದದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮೂರು ಸಾಲಿಗೆ ಮೂರು ತಪ್ಪು. ನಾನು ಬೈಯುತ್ತಲೇ ಇದ್ದೆ, ಕೊನೆಗೆ ನನ್ನ ಹೆಂಡತಿ ಪೇಪರು ಕಿತ್ತುಕೊಂಡು, "ಅಷ್ಟು ಗೊತ್ತಿದ್ರ ನೀವ ಬರೀರಿ" ಎಂದಳು. ಬರೆಯುತ್ತಿದ್ದೇನೆ. ಬೈಸಿಕೊಳ್ಳಬೇಕಾದವರಲ್ಲಿ ನಾನೂ ಒಬ್ಬ ಎನ್ನುವುದನ್ನೂ ಬರೆಯುತ್ತೇನೆ.

ನನ್ನ ಹೆಸರು ಮಹಾಂತೇಶ. ಹದಿನೇಳು ವರ್ಷ ಸೈನ್ಯದಲ್ಲಿ ತೋಪು ರಿಪೇರಿ ಮಾಡುವ ಫಿಟರ್ ಆಗಿದ್ದೆ. ಬಿಟ್ಟು ಬಂದ ಮೇಲೆ ಚಿತ್ತವಾಡ್ಗಿಯಲ್ಲಿ ಒಂದು ಲೇತ್ ಮಷೀನು ಹಾಕಿಕೊಂಡೆ. ದುರ್ಗಕ್ಕನ ಮನೆ ನನ್ನ ಅಂಗಡಿಯಿಂದ ನಾಲ್ಕನೆಯದು. ಗಂಡ ತಾಯಪ್ಪ ಕಾರ್ಖಾನೆಯ ಶಿಫ್ಟಿಗೆ ಜನರನ್ನು ಒಯ್ಯುವ ಬಸ್ಸಿನ ಡ್ರೈವರು. ಒಬ್ಬಳೇ ಮಗಳು ಹೇಮಾ.

ಯಾರ್ಡಿನಲ್ಲಿ ದುರ್ಗಕ್ಕನ ಕೆಲಸ ಏನೆಂದರೆ ಬಡಿದು ಕೇಳುವುದು. ಎಲ್ಲೆಲ್ಲಿಂದಲೋ ಹಡಗು ಹತ್ತಿ, ಲಾರಿ ಹತ್ತಿ ಗುಜರಿ ಬರುತ್ತದೆ: ಮುರಿದ ಗಿರಣಿ, ಕತ್ತರಿಸಿದ ಹಡಗು, ಯಾವ ಊರಿನದೋ ಯಾವ ಯುದ್ಧದ್ದೋ ಕಬ್ಬಿಣ. ಅದೆಲ್ಲ ಕರಗುವ ಕುಲುಮೆಗೆ ಹೋಗಬೇಕು. ಗಟ್ಟಿ ಕಬ್ಬಿಣ ಹೋದರೆ ಕರಗುತ್ತದೆ. ಬಾಯಿ ಮುಚ್ಚಿದ ಟೊಳ್ಳು ಸಾಮಾನು ಹೋದರೆ ಒಳಗಿನ ಗಾಳಿ, ನೀರು, ಎಣ್ಣೆ ಕಾದು ಒಡೆದು, ಕಾದ ಉಕ್ಕು ಜನರ ಮೈಮೇಲೆ ಬೀಳುತ್ತದೆ. ಹಾಗಾಗಿ ಅನುಮಾನ ಬಂದ ಪ್ರತಿಯೊಂದು ತುಂಡನ್ನೂ ಆಕೆ ಮೊಳದುದ್ದದ ಸಲಾಕೆಯಿಂದ ಒಂದೇ ಒಂದು ಸಲ ಬಡಿಯುತ್ತಿದ್ದಳು. ತಲೆಯನ್ನು ಬಲಕ್ಕೆ ವಾಲಿಸಿ ಕಿವಿ ಕೊಡುತ್ತಿದ್ದಳು. ಆಮೇಲೆ ಒಂದೇ ಮಾತು: "ಗಟ್ಟಿ" ಅಥವಾ "ಟೊಳ್ಳು". ಕ್ರೇನಿನವನು ಆ ಮಾತು ಕೇಳದೆ ಮ್ಯಾಗ್ನೆಟ್ ಕೆಳಗಿಳಿಸುತ್ತಿರಲಿಲ್ಲ.

ಆ ಕಿವಿ ಆಕೆಗೆ ಅಪ್ಪನಿಂದ ಬಂದದ್ದು. ದರೋಜಿಯ ಶೇಂಗಾ ಹೊಲಗಳಿಗೆ ಕರಡಿ ಬರುತ್ತವೆ. ಸಂಜೆ ಹೊಲ ಕಾಯುವಾಗ ಅಪ್ಪ ಮಗಳ ಬಾಯಿ ಮುಚ್ಚಿಸಿ, ಪೊದೆಯ ಆಚೆ ಅಲ್ಲಾಡಿದ್ದು ಹಂದಿಯೋ ಕರಡಿಯೋ ಹೇಳು ಎಂದು ಪರೀಕ್ಷೆ ಮಾಡುತ್ತಿದ್ದನಂತೆ. ತಪ್ಪು ಹೇಳಿದರೆ ತಲೆಗೊಂದು ಮೊಟಕು. ಇಪ್ಪತ್ತೆರಡು ವರ್ಷದಲ್ಲಿ ಯಾರ್ಡಿನಲ್ಲಿ ಮೊಟಕು ತಿನ್ನುವ ಪ್ರಸಂಗ ಬಂದಿರಲಿಲ್ಲ. ಶಿಫ್ಟು ಬಿಡುವಾಗ ಮೂವತ್ತು ಬಸ್ಸು ಒಟ್ಟಿಗೆ ಹಾರ್ನು ಹೊಡೆದರೂ ಅದರಲ್ಲಿ ತಾಯಪ್ಪನ ಬಸ್ಸು ಯಾವುದೆಂದು ಹೇಳುತ್ತಿದ್ದಳು. "ನಿನಗ ಸುಳ್ಳು ಹೇಳಾಕ ಜಾಗಾನ ಇಲ್ಲಲ್ಲೋ ತಾಯಪ್ಪ" ಎಂದು ನಾವು ಆತನನ್ನು ರೇಗಿಸುತ್ತಿದ್ದೆವು.

ಒಂಬತ್ತು ವರ್ಷದ ಹಿಂದೆ ಒಂದು ಲಾರಿಯಲ್ಲಿ ಐದು ತೋಪಿನ ಗುಂಡು ಬಂದವು. ಗುಂಡು ಎಂದರೆ ಲಿಂಬೆಹಣ್ಣಿನ ಹಾಗೆ ಉರುಟಲ್ಲ. ಒಂದು ಗೇಣುದ್ದ, ಅಂಗೈ ಅಗಲ, ಮುಂದಿನ ತುದಿ ಮೊಂಡು, ತಳ ಚಪ್ಪಟೆ, ತೂಕ ಒಂಬತ್ತು ಕಿಲೋ. ಯಾರ್ಡಿನವರು ಹೆದರಿ ದೂರ ಸರಿದರು. ದುರ್ಗಕ್ಕ ಹೋಗಿ ಒಂದೊಂದನ್ನೂ ಬಡಿದಳು. ಐದೂ ಗಂಟೆಯ ಹಾಗೆ ಉದ್ದಕ್ಕೆ ಮೊಳಗಿದವು. "ಗಟ್ಟಿ" ಎಂದಳು ಐದು ಸಲ.

ಆಕೆ ಹೇಳಿದ್ದು ಸುಳ್ಳಲ್ಲ. ಹಳೆಯ ಕಾಲದಲ್ಲಿ ಟ್ಯಾಂಕಿನ ತಗಡು ತೂರಲು ಹಾರಿಸುತ್ತಿದ್ದ ಗುಂಡು ಅವು. ಒಳಗೆ ಮದ್ದು ತುಂಬಿರುವುದಿಲ್ಲ, ತುದಿಯಿಂದ ತಳದವರೆಗೆ ಬರೀ ಉಕ್ಕು. ತಳವೊಂದನ್ನು ಬಿಟ್ಟು.

ಗಟ್ಟಿ ಎಂದು ಗೊತ್ತಾದ ಮೇಲೆ ಜನಕ್ಕೆ ಧೈರ್ಯ ಬಂತು. ಗುಂಡಿನ ಸೊಂಟಕ್ಕೆ ಸುತ್ತಿದ್ದ ತಾಮ್ರದ ಉಂಗುರವನ್ನು ಯಾರೋ ಆ ಮಧ್ಯಾಹ್ನವೇ ಉಳಿಯಿಂದ ಎಬ್ಬಿಸಿಕೊಂಡರು. ಒಳ್ಳೆಯ ಉಕ್ಕನ್ನು ಕುಲುಮೆಗೆ ಹಾಕಲು ಮನಸ್ಸಾಗದೆ ಐದನ್ನೂ ಹಂಚಿಕೊಂಡರು. ಒಂದು ಯಾರ್ಡಿನ ತೂಕದ ಕೋಣೆಯ ಬಾಗಿಲಿಗೆ ಆನಿಕೆಯಾಯಿತು. ಒಂದನ್ನು ಸಂಡೂರಿನ ವೆಲ್ಡರ್ ಉಚ್ಚೆಂಗೆಪ್ಪ ಒಯ್ದ. ಒಂದನ್ನು ಕಂಪ್ಲಿಯಲ್ಲಿ ಹರಿಗೋಲು ಹಾಕುವ ಮೂಕಣ್ಣ ಲಂಗರಿಗೆಂದು ಒಯ್ದ. ಒಂದನ್ನು ದುರ್ಗಕ್ಕ ದರೋಜಿಯ ತನ್ನ ಅವ್ವನಿಗೆ, ಖಾರ ಕುಟ್ಟಲು ಒಳ್ಳೆಯದೆಂದು ಕೊಟ್ಟಳು. ಐದನೆಯದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದು ನನ್ನ ಲೇತಿನ ಪಕ್ಕ ಇಟ್ಟಳು.

"ಮಿಲ್ಟ್ರಿ ಸಾಮಾನು, ನಿಮಗ ಇರ್ಲಿ ಅಂತ ತಂದೆ, ಮಾಂತೇಶಣ್ಣ. ಗಟ್ಟಿ ಐತಿ. ಒಂದ್ಸಲ ನೀವೂ ನೋಡಿ ಹೇಳ್ರಿ."

ನಾನು ನೋಡಿದೆ. ತಳವನ್ನು ಮೇಲೆ ಮಾಡಿ ಹೆಬ್ಬೆರಳಿನಿಂದ ತುಕ್ಕು ಉಜ್ಜಿದೆ. ೧೯೪೩ ಎಂದು ಕೆತ್ತಿತ್ತು, ನನ್ನಪ್ಪ ಹುಟ್ಟಿದ ವರ್ಷ. ನಡುವೆ ಹೆಬ್ಬೆರಳು ತೂರುವಷ್ಟು ಒಂದು ಕುಳಿ, ಅದರ ತುಂಬ ಮಣ್ಣು, ತುಕ್ಕು. ಅದು ಟ್ರೇಸರಿನ ಜಾಗ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು.

ಟ್ರೇಸರ್ ಎಂದರೆ ಏನು ಎನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಹಾರಿದ ಗುಂಡು ಕಣ್ಣಿಗೆ ಕಾಣುವುದಿಲ್ಲ. ಎಲ್ಲಿ ಹೋಯಿತು, ಗುರಿಗೆ ತಾಗಿತೋ ಪಕ್ಕಕ್ಕೆ ಹೋಯಿತೋ ಎಂದು ಹಾರಿಸಿದವನಿಗೆ ತಿಳಿಯಬೇಕಲ್ಲ. ಅದಕ್ಕಾಗಿ ತಳದಲ್ಲಿ ಒಂದು ಪುಟ್ಟ ಉಕ್ಕಿನ ಬಟ್ಟಲು ಕೂರಿಸಿ, ಅದರಲ್ಲಿ ಕೆಂಪಗೆ ಉರಿಯುವ ಮದ್ದನ್ನು ಒತ್ತಿ ತುಂಬಿರುತ್ತಾರೆ. ತೋಪಿನ ಬೆಂಕಿಯಿಂದಲೇ ಅದು ಹೊತ್ತಿಕೊಂಡು, ಹೋಗುವ ದಾರಿಯುದ್ದಕ್ಕೂ ಕೆಂಪು ಗೆರೆ ಎಳೆಯುತ್ತದೆ. ಆ ಬಟ್ಟಲನ್ನು ಹಿಡಿದಿಡುವುದು ಸುಲಭದ ಕೆಲಸವಲ್ಲ. ತೋಪಿನ ಕೊಳವೆಯೊಳಗೆ ಗುಂಡು ಗಿರ್ರನೆ ಬಲಕ್ಕೆ ತಿರುಗುತ್ತದೆ. ಮಾಮೂಲಿ ಸ್ಕ್ರೂವಿನ ಥ್ರೆಡ್ ಹಾಕಿದ್ದರೆ ಆ ಎಳೆತಕ್ಕೇ ಬಟ್ಟಲು ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಉಲ್ಟಾ ಥ್ರೆಡ್ ಹಾಕುತ್ತಾರೆ, ತಿರುಗಿದಷ್ಟೂ ಬಿಗಿಯಾಗಲಿ ಎಂದು. ಅಷ್ಟನ್ನೂ ನಂಬದೆ, ಅಂಚಿನಲ್ಲಿ ಮೂರು ಕಡೆ ಪಂಚ್ ಹೊಡೆದು ಗುಂಡಿನ ಉಕ್ಕನ್ನೇ ಬಟ್ಟಲಿನ ಮೇಲೆ ಮಡಚಿ ಕಚ್ಚಿಸಿರುತ್ತಾರೆ. ಬಾಯಿಗೆ ಕಾಗದದಷ್ಟು ತೆಳ್ಳಗಿನ ಹಿತ್ತಾಳೆಯ ಬಿಲ್ಲೆ, ತೇವ ಹೋಗದಂತೆ ಸುತ್ತ ಅರಗು. ನಲವತ್ತಮೂರರಲ್ಲಿ ಆ ಕೆಲಸ ಮಾಡಿದವನು ಯಾವ ದೇಶದವನೋ, ಅಚ್ಚುಕಟ್ಟು ಮನುಷ್ಯ. ಎಂಬತ್ತು ವರ್ಷ ಆದರೂ ಅಲ್ಲಾಡಿರಲಿಲ್ಲ.

ಗುಂಡನ್ನು ಒಮ್ಮೆ ಹಾರಿಸಿದ್ದರೆ ಮದ್ದು ಉರಿದು ಕುಳಿ ಖಾಲಿಯಾಗಿರುತ್ತದೆ. ಹಾರಿಸದೆ ಉಳಿದಿದ್ದರೆ ತುಂಬಿರುತ್ತದೆ. ಹಾರಿಸಿದ್ದೋ ಇಲ್ಲವೋ ಎಂದು ಹೇಳುವ ಒಂದೇ ಸಾಕ್ಷಿ ಆ ತಾಮ್ರದ ಉಂಗುರ. ಹಾರಿದ ಗುಂಡಿನ ಉಂಗುರದ ಮೇಲೆ ಕೊಳವೆಯ ಗೀರು ಬಿದ್ದಿರುತ್ತವೆ. ಉಂಗುರವನ್ನು ಯಾರೋ ಆಗಲೇ ಕಿತ್ತುಕೊಂಡು ಹೋಗಿದ್ದರು. ನನಗೆ ಗೊತ್ತಾಗುವುದಿಲ್ಲ ಎಂದು ಹೇಳಬೇಕಾಗಿತ್ತು. ಆದರೆ ದುರ್ಗಕ್ಕ ಎದುರಿಗೆ ನಿಂತಿದ್ದಳು, ಇನ್ನಿಬ್ಬರು ಗಿರಾಕಿಗಳೂ ಇದ್ದರು, ಹದಿನೇಳು ವರ್ಷದ ಮಿಲಿಟರಿ ಫಿಟರು ಗೊತ್ತಿಲ್ಲ ಎನ್ನುವುದು ಹೇಗೆ?

"ಹಾರಿಸಿದ್ದು ಇದು. ಉರಿದು ಖಾಲಿ ಆಗೈತಿ. ಏನೂ ಆಗಾಂಗಿಲ್ಲ" ಎಂದೆ.

ಆಕೆಗೆ ಸಮಾಧಾನವಾಯಿತು. ಈ ಮಾತನ್ನು ಉಳಿದ ನಾಲ್ವರಿಗೂ ಆಕೆ ಮುಟ್ಟಿಸಿದಳು. ಆಕೆ ಹೇಳಿದ್ದು ಗಟ್ಟಿ ಎಂದು, ಅದು ನಿಜ. ಸುಳ್ಳು ಹೇಳಿದವನು ನಾನು, ಮತ್ತು ಒಂಬತ್ತು ವರ್ಷ ಆ ಸುಳ್ಳನ್ನು ಅಂಗಡಿಯಲ್ಲೇ ಇಟ್ಟುಕೊಂಡು ಬಿಲ್ಲುಗಳು ಹಾರದ ಹಾಗೆ ಮೇಲೆ ಹೇರುತ್ತಿದ್ದೆ.

ಈ ವರ್ಷ ಹೇಮಾಳ ಹೆರಿಗೆಯಾಯಿತು, ಹೆಣ್ಣು ಮಗು. ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಚಿತ್ತವಾಡ್ಗಿಯ ಮನೆ ಎರಡು ಕೋಣೆಯದು, ದುರ್ಗಕ್ಕ ಬೆಳಿಗ್ಗೆ ಆರೂವರೆಗೆ ಯಾರ್ಡಿನ ಬಸ್ಸು ಹತ್ತುವವಳು. ಬಾಣಂತಿಗೆ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಸುಡುಸುಡು ನೀರು ಹಾಕುವವರು ಯಾರು? ದುರ್ಗಕ್ಕನ ಅವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ದರೋಜಿಯ ಅವ್ವನ ಮನೆಯಲ್ಲಿ ದುರ್ಗಕ್ಕನ ಅಕ್ಕ ಯಲ್ಲಕ್ಕ ಒಬ್ಬಳೇ ಇದ್ದಳು. "ನನಗ ಮಕ್ಕಳಿಲ್ಲ ಮರಿ ಇಲ್ಲ, ಈ ಬಾಣಂತನ ನಾನ ಮಾಡ್ತೀನಿ" ಎಂದು ಆಕೆಯೇ ಹಠ ಹಿಡಿದು ಕರೆದುಕೊಂಡು ಹೋದಳು. ಹಿತ್ತಲಿನ ಬಚ್ಚಲಿಗೆ ತಗಡು ಹೊದಿಸಿ, ಮೂಲೆಯ ನೀರೊಲೆಗೆ ಹೊಸ ಮಣ್ಣು ಮೆತ್ತಿ, ದೊಡ್ಡ ತಾಮ್ರದ ಹಂಡೆ ಇಟ್ಟಳು. ವರ್ಷಗಳಿಂದ ಸರಿಯಾಗಿ ಉರಿಯದಿದ್ದ ಒಲೆ ಹನ್ನೆರಡು ದಿನದಿಂದ ದಿನಾ ಬೆಳಿಗ್ಗೆ ಮೂರು ತಾಸು ಉರಿಯುತ್ತಿತ್ತು.

ಹದಿಮೂರನೆಯ ದಿನ, ಸೋಮವಾರ, ಸಂಡೂರಿನಿಂದ ಫೋನು ಬಂತು. ಉಚ್ಚೆಂಗೆಪ್ಪನ ಕೈ ಸುಟ್ಟಿದೆ ಎಂದು.

ನಾನು ಬೈಕಿನಲ್ಲಿ ಹೋದೆ. ಅವನು ಅಂಗಡಿಯ ಮುಂದೆ ಕೈಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ, ಹುಬ್ಬು ಸುಟ್ಟು ಮುಖ ಬೋಳಾಗಿತ್ತು. ಗುಂಡಿಗೊಂದು ಹಿಡಿ ಕೂರಿಸಿ ದೊಡ್ಡ ಸುತ್ತಿಗೆ ಮಾಡೋಣವೆಂದು ಗ್ಯಾಸಿನಿಂದ ಕಾಯಿಸಲು ಹೋಗಿದ್ದನಂತೆ.

"ಕೆಂಪಗ ಬಂತ್ರಿ ಅಣ್ಣಾರ. ಬೆಂಕಿ ಕೆಂಪಲ್ಲ, ಕುಂಕುಮದ ಕೆಂಪು. ಪೈಪಿನಾಗಿಂದ ನೀರು ಬಂದಂಗ ಸುಯ್ ಅಂತ ಬಂತು, ನಿಲ್ಲಲೇ ಇಲ್ಲ. ನೀವು ಖಾಲಿ ಐತಿ ಅಂದಿದ್ರಂತಲ್ರಿ?"

ಗೋಡೆಗೆ ಉರುಳಿ ನಿಂತಿದ್ದ ಗುಂಡನ್ನು ನೋಡಿದೆ. ಕುಳಿಯ ಒಳಮೈ ಬೂದಿ ಬಣ್ಣಕ್ಕೆ ತಿರುಗಿತ್ತು, ಸುತ್ತ ಮೂರು ಪಂಚಿನ ಗುರುತು ಸ್ಪಷ್ಟವಾಗಿ ಕಾಣುತ್ತಿದ್ದವು. ಬಾಯಿ ತೆರೆದಿದ್ದರಿಂದ ಬೆಂಕಿ ಸುಯ್ಯೆಂದು ಹೊರಗೆ ಬಂದು ಮುಗಿದಿತ್ತು. ಬಾಯಿ ಕಟ್ಟಿಕೊಂಡಿದ್ದರೆ ಬಟ್ಟಲೇ ಕಿತ್ತು ಬಂದೂಕಿನ ಗುಂಡಿನಂತೆ ಹಾರುತ್ತಿತ್ತು. ವಿಷಯ ಠಾಣೆಗೆ ಮುಟ್ಟಿತು. ಉಳಿದವನ್ನು ಯಾರೂ ಮುಟ್ಟಬೇಡಿ, ಬೆಂಕಿಯಿಂದ ದೂರ ಇಡಿ, ಅದಕ್ಕೆಂದೇ ಇರುವ ಜನ ನಾಳೆ ಮಧ್ಯಾಹ್ನ ಬರುತ್ತಾರೆ ಎಂದರು.

ಚಿತ್ತವಾಡ್ಗಿಗೆ ವಾಪಸು ಬಂದು ನನ್ನ ಗುಂಡಿನ ಕುಳಿಯ ಮಣ್ಣನ್ನು ಸೀಮೆಎಣ್ಣೆಯ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಮಾಡಬಾರದ ಕೆಲಸ, ಆದರೂ ನೋಡಲೇಬೇಕಿತ್ತು. ಮಣ್ಣಿನ ಅಡಿಯಿಂದ ಹಿತ್ತಾಳೆಯ ಬಿಲ್ಲೆ ಹಳದಿಯಾಗಿ ಹೊಳೆಯಿತು. ಒಂಬತ್ತು ವರ್ಷ ಅದರಿಂದ ಒಂದು ಮೊಳ ದೂರದಲ್ಲಿ ನಾನು ಬೀಡಿ ಸೇದಿದ್ದೆ. ಹಿತ್ತಲಲ್ಲಿ ಮರಳಿನ ಗುಂಡಿ ತೋಡಿ ಅದನ್ನು ಮುಚ್ಚಿದೆ. ಆಮೇಲೆ ಯಾರ್ಡಿಗೆ ಹೋದೆ.

ದುರ್ಗಕ್ಕ ಸಲಾಕೆ ಹಿಡಿದು ಒಂದು ರಾಶಿಯ ಮುಂದೆ ನಿಂತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನನ್ನ ಕಿವಿ ತಪ್ಪಿತಲ್ಲಣ್ಣ" ಎಂದಳು.

"ನಿಮ್ಮ ಕಿವಿ ತಪ್ಪಿಲ್ಲಕ್ಕ. ಒಂಬತ್ತು ಕಿಲೋ ಉಕ್ಕಿನಾಗ ಹೆಬ್ಬೆರಳಷ್ಟು ಮದ್ದು ಇದ್ರ ಯಾರ ಕಿವಿಗೂ ಕೇಳಾಂಗಿಲ್ಲ. ತಪ್ಪಿದ್ದು ನನ್ನ ಬಾಯಿ."

"ಹಂಗಲ್ಲ. ಗಟ್ಟಿ ಅಂದೋಳು ನಾನು. ನಾನ ಕೊಟ್ಟೀನಿ, ನಾನ ವಾಪಸು ತರ್ತೀನಿ."

ತೂಕದ ಕೋಣೆಯ ಬಾಗಿಲಿನದು ಅಲ್ಲೇ ಇತ್ತು. ಜನರನ್ನು ಸರಿಸಿ ಸುತ್ತ ಮರಳಿನ ಚೀಲ ಪೇರಿಸಿದೆವು. ಆಕೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಂಪ್ಲಿಗೆ ಹೋದೆ. ಮೂಕಣ್ಣ ಹೊಳೆಯ ದಂಡೆಯಲ್ಲಿ ಹರಿಗೋಲು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ. ಅವನ ಗುಂಡು ಹಗ್ಗದ ಜಾಳಿಗೆಯಲ್ಲಿ ನೀರಿನೊಳಗಿತ್ತು. ನಮ್ಮ ಮಾತು ಕೇಳಿ ನಕ್ಕುಬಿಟ್ಟ.

"ಒಂಬತ್ತು ವರ್ಷ ತುಂಗಭದ್ರಿಯಾಗ ಮುಳುಗೈತಿ. ಇನ್ನೇನು ಹೊತ್ತತೈತಿ ಬಿಡ್ರಿ."

"ಹೊತ್ತಲಿ ಬಿಡ್ಲಿ, ಎತ್ತಬ್ಯಾಡ. ಅದರ ಹತ್ರ ಡಾಂಬರಿನ ಬೆಂಕಿ ತರಬ್ಯಾಡ" ಎಂದು ದುರ್ಗಕ್ಕ ಗದರಿಸಿದಳು. ಆಕೆಯ ದನಿಗೆ ಮೂಕಣ್ಣನ ನಗು ಅಲ್ಲಿಗೇ ನಿಂತಿತು.

ಉಳಿದದ್ದು ದರೋಜಿಯದು. ಅದು ಅವ್ವನ ಖಾರ ಕುಟ್ಟುವ ಗುಂಡು. ಮನೆಯಲ್ಲಿ ಹೇಮಾ, ಹದಿಮೂರು ದಿನದ ಕೂಸು. ದಂಡೆಯ ಮೇಲೆ ನಿಂತೇ ದುರ್ಗಕ್ಕ ಅಕ್ಕನಿಗೆ ಫೋನು ಹಚ್ಚಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು.

"ಯಕ್ಕಾ, ಅವ್ವನ ಗುಂಡು ಎಲ್ಲೈತಿ?"

"ಗುಂಡಾ? ಎಲ್ಲಿ ಹೋಗತೈತಿ, ಒಳಕಲ್ಲಿನಾಗ ಐತಿ."

"ಅದನ್ನ ಮುಟ್ಟಬ್ಯಾಡ. ಒಲಿ ಹತ್ರ ಒಯ್ಯಬ್ಯಾಡ."

"ಅಯ್ಯ, ಒಳಕಲ್ಲಿನ ಗುಂಡು ಒಲಿ ಹತ್ರ ಯಾಕ ಒಯ್ಯಲಿ? ನಿನಗ ಬಿಸಿಲು ಹತ್ತೈತೇನು?" ಎಂದು ಯಲ್ಲಕ್ಕ ನಕ್ಕಳು. ಹಿಂದೆ ಕೂಸು ಅಳುವುದು ಕೇಳಿಸಿತು. "ಕೂಸಿಗೆ ಹಾಲು ಕುಡಿಸೋ ಹೊತ್ತು, ಇಡ್ತೀನಿ."

ನಾವಿಬ್ಬರೂ ಉಸಿರು ಬಿಟ್ಟೆವು. ಒಳಕಲ್ಲು ಪಡಸಾಲೆಯ ಮೂಲೆಯಲ್ಲಿದೆ, ಬೆಂಕಿಗೂ ಅದಕ್ಕೂ ಸಂಬಂಧವಿಲ್ಲ. ಹೊತ್ತು ಇಳಿದಿತ್ತು. ನಾಳೆ ಬೆಳಿಗ್ಗೆ ಮೊದಲ ಕೆಲಸವೇ ಅದು ಎಂದುಕೊಂಡು ಹೊಸಪೇಟೆಗೆ ತಿರುಗಿದೆವು. ಯಾವ ಗುಂಡು ಎಂದು ಆಕೆ ಕೇಳಲಿಲ್ಲ, ಯಾವ ಗುಂಡು ಎಂದು ಈಕೆ ಹೇಳಲಿಲ್ಲ. ನಮ್ಮ ಮನೆಗಳಲ್ಲಿ ರುಬ್ಬುವ ಕಲ್ಲೂ ಗುಂಡೇ, ಕುಟ್ಟುವುದೂ ಗುಂಡೇ, ತೋಪಿನದೂ ಗುಂಡೇ.

ಬೆಳಿಗ್ಗೆ ಏಳಕ್ಕೆ ಹೊರಟೆವು. ದುರ್ಗಕ್ಕ ಮೊಮ್ಮಗಳಿಗೆಂದು ಒಂದು ಕುಲಾವಿ ಹೊಲಿದಿದ್ದಳು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ಅವ್ವನ ಮಾತು. ಅವ್ವ ಒಳಕಲ್ಲಿನ ಮುಂದೆ ಕುಳಿತರೆ ಎದ್ದೇಳುತ್ತಿರಲಿಲ್ಲ, ಆ ಕಲ್ಲಿನ ಗುಂಡು ಅವ್ವನ ಮದುವೆಗೆ ಕೊಟ್ಟದ್ದು, ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ದರೋಜಿ ಇನ್ನು ನಾಲ್ಕೈದು ಕಿಲೋಮೀಟರು ಇರುವಾಗ ಮಾತು ನಿಂತಿತು. ನಾನು ಗಾಳಿಗೆ ಕೇಳಿಸುತ್ತಿಲ್ಲವೇನೋ ಎಂದುಕೊಂಡೆ. ಆಕೆಯ ಕೈ ನನ್ನ ಭುಜವನ್ನು ಹಿಡಿದು ಒತ್ತಿತು.

"ಅಣ್ಣಾ. ಕಬ್ಬಿಣದ್ದು ಒಳಕಲ್ಲಿನಾಗ ಇರ್ತಿರಲಿಲ್ಲ. ಅವ್ವ ಅದನ್ನ ಬಾಗಿಲ ಹಿಂದ ಇಡ್ತಿದ್ಲು. ಒಳಕಲ್ಲಿನಾಗ ಇರೋದು ಕಲ್ಲಿನ ಗುಂಡು. ಯಕ್ಕ ಹೇಳಿದ್ದು ಕಲ್ಲಿಂದು."

"ಫೋನ್ ಹಚ್ರಿ."

ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ಅದು ಕೂಸಿಗೆ ನೀರು ಹಾಕುವ ಹೊತ್ತು. ಯಲ್ಲಕ್ಕ ಕಾಲು ಚಾಚಿ, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಕುಳಿತಿರುತ್ತಾಳೆ, ಎರಡೂ ಕೈಯಲ್ಲಿ ಎಣ್ಣೆ. ಫೋನನ್ನು ಯಾರು ಎತ್ತುತ್ತಾರೆ? ನಾನು ಅಷ್ಟು ಜೋರಾಗಿ ಬೈಕು ಓಡಿಸಿದ್ದು ಸೈನ್ಯದಲ್ಲೂ ಇಲ್ಲ. ಮಡಿಲಿನ ಚೀಲ ಎಲ್ಲೋ ಹಾರಿ ಬಿತ್ತು. ಆಕೆ ತಿರುಗಿ ನೋಡಲಿಲ್ಲ.

ಮನೆಯ ಹಿಂದಿನಿಂದ ಹೊಗೆ ನೇರವಾಗಿ ಮೇಲೇಳುತ್ತಿತ್ತು. ಯಲ್ಲಕ್ಕ ಪಡಸಾಲೆಯಲ್ಲಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಸಾಂಬ್ರಾಣಿ ಹೊಗೆ ಕೊಡುತ್ತಿದ್ದಳು. ದುರ್ಗಕ್ಕ ಹೊಸ್ತಿಲಲ್ಲೇ ಕೂಗಿದಳು.

"ಕಬ್ಬಿಣದ ಗುಂಡು ಎಲ್ಲೈತಿ ಯಕ್ಕಾ?"

"ಅದಾ? ಒಲಿಗುಂಡು ಮಾಡೀನಲ್ಲ. ಹಂಡೆ ಭಾರಕ್ಕ ಒಂದು ಕಲ್ಲು ಸೀಳಿಬಿಡ್ತು. ಇದು ಗಟ್ಟಿ ಐತಿ ಅಂತ ನೀನ ಹೇಳಿದ್ದಿ. ಅಡ್ಡ ಮಲಗಿಸಿ ಮಣ್ಣು ಮೆತ್ತೀನಿ."

"ಹೇಮಾ?"

"ಬಚ್ಚಲದಾಗ ಅದಾಳ. ಎಣ್ಣಿ ಹಚ್ಚಿ ಕುಂದ್ರಿಸಿ ಬಂದೀನಿ, ಈಗ ನೀರು ಹಾಕಾಕ..."

ದುರ್ಗಕ್ಕ ಆ ಮಾತು ಮುಗಿಯುವ ಮೊದಲೇ ಹಿತ್ತಲಲ್ಲಿದ್ದಳು. ನಾನೂ ಹಿಂದೆಯೇ ಓಡಿದೆ. ಬಚ್ಚಲಿನ ಬಾಗಿಲ ಮುಂದೆ ನಿಂತುಬಿಟ್ಟೆ. ಒಳಗೆ ಎಣ್ಣೆ ಹಚ್ಚಿಕೊಂಡು ಕುಳಿತ ಬಾಣಂತಿ. ಪರಗಂಡಸು ಹೇಗೆ ಹೋಗುವುದು ಎಂದು ಕಾಲು ತಡೆಯಿತು. ಎರಡೇ ಗಳಿಗೆ ಇರಬಹುದು. ಆ ಎರಡು ಗಳಿಗೆಯನ್ನು ನಾನು ಇವತ್ತಿನವರೆಗೂ ಎಣಿಸುತ್ತಿದ್ದೇನೆ.

ಅರ್ಧ ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಸೌದೆ ಧಗಧಗ ಉರಿಯುತ್ತಿತ್ತು. ಹಂಡೆಯಡಿ ಎರಡು ಕಲ್ಲು, ಮೂರನೆಯದು ಗುಂಡು, ತಳ ಬೆಂಕಿಯ ಕಡೆಗೆ. ಇಷ್ಟು ದಿನ ಕಾವು ತಡೆದಿದ್ದ ಮೆತ್ತಿದ ಮಣ್ಣು ಈಗ ಸುಟ್ಟು ಇಟ್ಟಿಗೆಯಾಗಿ ಕುಳಿಯ ಬಾಯಿಗೆ ಬಿರಡೆ ಹಾಕಿದಂತೆ ಕುಳಿತಿತ್ತು. ಹೇಮಾ ಒಲೆಯಿಂದ ಒಂದು ಮಾರು ದೂರದ ಮಣೆಯ ಮೇಲಿದ್ದಳು. "ಯಾಕವ್ವಾ?" ಎಂದಳು. ದುರ್ಗಕ್ಕ ಆಕೆಯ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದಳು. ಎಣ್ಣೆಗೆ ಕೈ ಜಾರುತ್ತಿತ್ತು. ಒಮ್ಮೆಲೇ ಆಕೆ ತಲೆಯನ್ನು ಬಲಕ್ಕೆ ವಾಲಿಸಿದಳು, ಯಾರ್ಡಿನಲ್ಲಿ ವಾಲಿಸುವ ಹಾಗೆಯೇ. ನನಗೆ ಸೌದೆಯ ಚಟಪಟ ಬಿಟ್ಟು ಬೇರೇನೂ ಕೇಳಲಿಲ್ಲ. ಆಕೆಗೆ ಕೇಳಿತು.

"ಟೊಳ್ಳು!" ಎಂದು ಚೀರಿದಳು. "ಅಣ್ಣಾ, ಟೊಳ್ಳು!"

ಮಗಳನ್ನು ಎರಡೂ ಕೈಯಿಂದ ಬಾಗಿಲ ಕಡೆಗೆ ದೂಡಿದಳು. ಹೇಮಾ ನನ್ನ ಮೈಮೇಲೆ ಬಿದ್ದಳು, ಇಬ್ಬರೂ ಅಂಗಳಕ್ಕೆ ಉರುಳಿದೆವು. ತಗಡಿನ ಸಂದುಗಳಿಂದ ಕುಂಕುಮದಂಥ ಕೆಂಪು ಬೆಳಕು ಹೊರಟಿತು. ಆಮೇಲೆ ಸದ್ದು. ತೋಪಿನ ಸದ್ದು ಕೇಳಿ ಬೆಳೆದವನು ನಾನು. ಆ ನಾಲ್ಕು ಗೋಡೆಯ ನಡುವಿನ ಸದ್ದಿಗೆ ನನ್ನ ಹಲ್ಲೆಲ್ಲ ಅದುರಿತು. ಬಟ್ಟಲು ಕಿತ್ತು ಹಾರಿ ಹಂಡೆಯನ್ನು ತೂರಿ ಎದುರು ಗೋಡೆಗೆ ಹೋಗಿ ನಾಟಿತ್ತು. ಕುದಿಯುವ ನೀರು ಎರಡೂ ಕಡೆಯಿಂದ ಸುರಿಯುತ್ತಿತ್ತು. ಈ ಸಲ ನಾನು ಯಾರನ್ನೂ ಕೇಳದೆ ಒಳಗೆ ನುಗ್ಗಿದೆ. ದುರ್ಗಕ್ಕ ಗೋಡೆಗೆ ಒರಗಿ ಕುಳಿತಿದ್ದಳು, ಮೊಣಕಾಲಿನ ಕೆಳಗೆ ಚರ್ಮ ಸುಲಿದಿತ್ತು, ಎರಡೂ ಕಿವಿಯಿಂದ ರಕ್ತ ಇಳಿಯುತ್ತಿತ್ತು. ಕಣ್ಣು ಮಾತ್ರ ಬಾಗಿಲಿನ ಆಚೆ ಹೇಮಾಳನ್ನೇ ಹುಡುಕುತ್ತಿತ್ತು.

ಮಧ್ಯಾಹ್ನ ಬರಬೇಕಾದವರು ಮಧ್ಯಾಹ್ನವೇ ಬಂದರು. ಮರಳು ತುಂಬಿದ ಲಾರಿಯಲ್ಲಿ ಉಳಿದ ಮೂರನ್ನು ಒಯ್ದರು, ಮೂಕಣ್ಣನದನ್ನೂ. ಅವರ ಅಧಿಕಾರಿ ನನ್ನ ಹಿತ್ತಲಿನಲ್ಲಿ ನಿಂತು, ಇದನ್ನು ಖಾಲಿ ಎಂದು ಹೇಳಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಅವರು ನನ್ನ ಮುಖವನ್ನು ಒಂದು ಸಲ ನೋಡಿ ಬರೆದುಕೊಂಡರು.

ದುರ್ಗಕ್ಕ ಬಳ್ಳಾರಿಯ ಆಸ್ಪತ್ರೆಯಲ್ಲಿ ಐವತ್ತು ದಿನ ಇದ್ದಳು. ಕಾಲು ವಾಸಿಯಾಯಿತು. ಕಿವಿಯ ಬಗ್ಗೆ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಎರಡೂ ಹೋಗಿದ್ದವು, ಕಿವಿಗೆ ಮಷೀನು ಹಾಕಿದರೂ ಪ್ರಯೋಜನವಿಲ್ಲ ಎಂದು ತಾಯಪ್ಪ ನನಗೆ ಹೇಳಿದ. ಆತನ ಬಸ್ಸು ಈಗ ಮನೆಯ ಮುಂದೆ ಬಂದು ನಿಂತರೂ ಆಕೆಗೆ ಗೊತ್ತಾಗುವುದಿಲ್ಲ. ಆದರೂ ಆತ ಹಾರ್ನು ಹೊಡೆಯುತ್ತಾನೆ.

ಹೋದ ಭಾನುವಾರ ಯಾರ್ಡಿನವರು ಆಕೆಯ ಸಲಾಕೆಯನ್ನು ನನ್ನ ಕೈಯಲ್ಲಿ ಕಳಿಸಿದರು. ಆಕೆಯ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಲಾರಿಗಳು ಮಾತ್ರ ಬರುತ್ತಲೇ ಇವೆ. ನಾನು ಹೋದಾಗ ದುರ್ಗಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು, ತೊಡೆಯ ಮೇಲೆ ಕೂಸು. ಹೇಮಾ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಸಲಾಕೆಯನ್ನು ಕೊಟ್ಟೆ. ಆಕೆ ಅದನ್ನು ತಿರುಗಿಸಿ ನೋಡಿ ಪಕ್ಕಕ್ಕೆ ಇಟ್ಟಳು. ಅದು ಕಲ್ಲಿನ ಮೇಲೆ ಟಣ್ ಎಂದಿತು. ಆಕೆ ತಲೆ ವಾಲಿಸಲಿಲ್ಲ.

ಆ ಸದ್ದಿಗೆ ಕೂಸು ಬೆಚ್ಚಿ ಕಿರುಚತೊಡಗಿತು. ನಾಲ್ಕು ತಿಂಗಳ ಕೂಸಿನ ಗಂಟಲು, ಬೀದಿಯ ಕೊನೆಯವರೆಗೂ ಕೇಳುವಂತಿತ್ತು. ದುರ್ಗಕ್ಕ ಬೀದಿಯನ್ನೇ ನೋಡುತ್ತಿದ್ದಳು. ಒಳಗಿನಿಂದ ಹೇಮಾ ಹಿಟ್ಟಿನ ಕೈಯಲ್ಲೇ ಓಡಿ ಬಂದು ಅವ್ವನ ಭುಜ ಮುಟ್ಟಿದಳು. ಆಗ ದುರ್ಗಕ್ಕ ಕೆಳಗೆ ನೋಡಿದಳು, ತೆರೆದ ಪುಟ್ಟ ಬಾಯಿ ಕಂಡಿತು. ಅಂಗೈಯನ್ನು ಕೂಸಿನ ಎದೆಯ ಮೇಲೆ ಇಟ್ಟಳು, ಹಾಗೇ ಒತ್ತಿ ಹಿಡಿದುಕೊಂಡಳು.

"ಗಟ್ಟಿ ಅಳಾಕತ್ತೈತೇನಣ್ಣ?" ಎಂದು ನನ್ನನ್ನು ಕೇಳಿದಳು.

"ಹೂನಕ್ಕ. ಭಾಳ ಗಟ್ಟಿ" ಎಂದೆ. ಆಕೆ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನೆನಪಾಗಿ, ತಲೆಯಾಡಿಸಿದೆ.